ಸಣ್ಣ ದೋಣಿಯಿಂದ ಟ್ಯೂನಾ, ಶಾರ್ಕು: ಸ್ಪಿನ್ನಿಂಗ್ ರೀಲೋ, ಓವರ್‌ಹೆಡ್ ರೀಲೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸ್ಪಿನ್ನಿಂಗ್ ರೀಲಿಗೆ. ಗಾಳದ ದಾರ ಸುತ್ತುವ ರೀಲು ರಾಡಿನ ಕೆಳಗೆ ತೂಗಿದರೆ ಸ್ಪಿನ್ನಿಂಗ್, ರಾಡಿನ ಮೇಲೆ ಕೂತರೆ ಓವರ್‌ಹೆಡ್. ಇಪ್ಪತ್ತು-ಇಪ್ಪತ್ತೈದು ಅಡಿಯ ಫೈಬರ್ ದೋಣಿಯಲ್ಲಿ ಸಮುದ್ರಕ್ಕೆ ಹೋಗಿ ಗಾಳ ಹಾಕುವವರು, ಅದರಲ್ಲೂ ನಮ್ಮ ಹಾಗೆ ಬೆಳಗಾವಿಯಿಂದ ಶನಿವಾರ-ಭಾನುವಾರ ಘಟ್ಟ ಇಳಿದು ಹೋಗುವವರು, ಒಂದೇ ಒಂದು ಸೆಟ್ಟಿಗೆ ದುಡ್ಡು ಹಾಕುವುದಾದರೆ ಓವರ್‌ಹೆಡ್ ರೀಲಿನ ಗೊಡವೆಗೆ ಹೋಗಬೇಡಿ. ಅದು ಕೆಟ್ಟ ಮಾಲು ಅಂತ ಹೇಳುತ್ತಿಲ್ಲ. ನಮ್ಮ ಅಕ್ಕನ ಮನೆಯಲ್ಲೇ ಒಂದಿದೆ, ಮಾಮಾ, ಅಂದರೆ ಅಕ್ಕನ ಗಂಡ, ತಂದದ್ದು. ಬಂಗಾರದ ಬಣ್ಣ, ಗಟ್ಟಿ ಅಲ್ಯುಮಿನಿಯಂ ಮೈ, ಹಿಡಿಕೆ ತಿರುಗಿಸಿದರೆ ಸದ್ದೇ ಇಲ್ಲ. ಷೋಕೇಸಿನಲ್ಲಿ ಇಟ್ಟರೆ ಮನೆಗೆ ಬಂದವರೆಲ್ಲ ಏನ್ರಿ ಇದು ಅಂತ ಕೇಳುತ್ತಾರೆ. ದೋಣಿಗೆ ಒಯ್ದರೆ ಮಾತ್ರ ಮೀನಿನ ಸಂಗಡ ಗುದ್ದಾಡುವುದಕ್ಕಿಂತ ಅದರ ಸಂಗಡ ಗುದ್ದಾಡುವುದೇ ಹೆಚ್ಚು. ಒಂದೇ ಸೀಸನ್ನಿನಲ್ಲಿ ಅವರು ಅದನ್ನ ಕೊಂಡರು, ನಾನು ಇದನ್ನ ಕೊಂಡೆ. ಆಮೇಲೆ ದೋಣಿಯಲ್ಲಿ ಅದಲುಬದಲು ಮಾಡಿಕೊಂಡು ಎರಡನ್ನೂ ಸಾಕಷ್ಟು ದುಡಿಸಿದ್ದೇವೆ.

ಬೆಳಗಾವಿಗೂ ಸಮುದ್ರಕ್ಕೂ ಏನು ಸಂಬಂಧ ಅಂತ ಹೊರಗಿನವರು ನಗಬಹುದು. ವೆಂಗುರ್ಲಾ ರಸ್ತೆ ಹೊರಡುವುದೇ ನಮ್ಮೂರಿನಿಂದ. ನಡುರಾತ್ರಿ ದಾಟಿದ ಮೇಲೆ ಬಿಟ್ಟರೆ ಶಿನೋಳಿ, ಅಂಬೋಲಿ ಘಟ್ಟ, ಸಾವಂತವಾಡಿ ಹಿಂದಾಕಿ ಬೆಳಕು ಹರಿಯುವ ಹೊತ್ತಿಗೆ ದಂಡೆಯಲ್ಲಿ ಇರುತ್ತೇವೆ. ಕಾರವಾರ ನಮ್ಮ ರಾಜ್ಯದ್ದೇ ಹೌದು, ಆದರೆ ನಮಗೆ ದೂರ, ಮೇಲಾಗಿ ಅಲ್ಲಿ ನೌಕಾನೆಲೆಯ ಸುತ್ತಮುತ್ತ ದೋಣಿ ಸುಳಿಯುವ ಹಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಇಂಜಿನ್ ದೋಣಿಗಳ ಮೀನುಗಾರಿಕೆ 61 ದಿನ ಬಂದ್. ಅದು ಮುಗಿದ ಮೇಲೂ ಒಂದಿಷ್ಟು ದಿನ ಸಮುದ್ರದ ಸಿಟ್ಟು ಇಳಿದಿರುವುದಿಲ್ಲ. ಹಾಗಾಗಿ ನಮ್ಮ ಸೀಸನ್ ಅಂದರೆ ದಸರಾದಿಂದ ಶಿವರಾತ್ರಿ.

ಯಾವ ಮೀನಿಗೆ ರೀಲು ಅನ್ನುವುದು ಮೊದಲು ಇತ್ಯರ್ಥ ಆಗಬೇಕು. ಮಾಲ್ಡೀವ್ಸಿನ, ಆಸ್ಟ್ರೇಲಿಯಾದ ವಿಡಿಯೋ ನೋಡಿದವರ ತಲೆಯಲ್ಲಿ ಟ್ಯೂನಾ ಅಂದರೆ ಐವತ್ತು-ಅರವತ್ತು ಕೆ.ಜಿ.ಯ ಯೆಲ್ಲೋಫಿನ್. ಅದು ಅರಬ್ಬಿ ಸಮುದ್ರದಲ್ಲೂ ಇದೆ, ಸುಳ್ಳಲ್ಲ. ಆದರೆ ಕೊಂಕಣ-ಗೋವಾದ ಮುಂದೆ ಸಮುದ್ರದ ತಳ ಬಹಳ ದೂರದವರೆಗೆ ಹೆಚ್ಚು ಆಳವಿಲ್ಲದೆ, ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ. ನಿಜವಾದ ಆಳ ಶುರುವಾಗುವುದು ದಂಡೆಯಿಂದ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ. ಒಂದೇ ಔಟ್‌ಬೋರ್ಡ್ ಇಂಜಿನ್ನಿನ ದೋಣಿಯಲ್ಲಿ ಬೆಳಿಗ್ಗೆ ಹೋಗಿ ಅದೇ ದಿನ ವಾಪಸು ಬರುವವರಿಗೆ ಆ ದಾರಿ ಇಲ್ಲ. ನಮಗೆ ಸಿಗುವುದು ಕವಾಕವಾ ಅನ್ನುವ ಸಣ್ಣ ಟ್ಯೂನಾ. ದೋಣಿ ನಡೆಸುವ ತಾಂಡೇಲ ಎಲ್ಲಾ ಟ್ಯೂನಾಕ್ಕೂ ಗೇದರ್ ಅಂತಲೇ ಕರೆಯುತ್ತಾನೆ. ಬೆನ್ನಿನ ಮೇಲೆ ಅಲೆಯಲೆಯಾದ ಗೆರೆ, ಎದೆರೆಕ್ಕೆಯ ಕೆಳಗೆ ಕೆಲವು ಕಪ್ಪು ಚುಕ್ಕಿ, ತೂಕ ಸಾಮಾನ್ಯವಾಗಿ ಎರಡರಿಂದ ಐದು ಕೆ.ಜಿ. ನಸೀಬು ಇದ್ದ ದಿನ ಲಾಂಗ್‌ಟೇಲ್ ಟ್ಯೂನಾ, ಅದು ಹತ್ತು ದಾಟುವುದೂ ಉಂಟು. ನಡುನಡುವೆ ಕರಾವಳಿಯವರು ಅಂಜಲ್ ಅನ್ನುವ ಸುರಮಯಿ. ಹೊತ್ತು ಇಳಿಯುವಾಗ ಲಂಗರು ಹಾಕಿ ಕೂತರೆ ಶಾರ್ಕು, ಅಲ್ಲಿಯವರ ಮೋರಿ. ಹೆಚ್ಚಿನವು ಮೊಳಕ್ಕಿಂತ ತುಸು ಉದ್ದ, ಅಪರೂಪಕ್ಕೆ ಆಳುದ್ದ.

ಐದು ಕೆ.ಜಿ.ಯ ಮೀನು ಅಂತ ಕೈ ಸಡಿಲ ಬಿಡುವ ಹಾಗಿಲ್ಲ. ಟ್ಯೂನಾ ಜಾತಿಗೆ ಬೇರೆ ಹೆಚ್ಚಿನ ಮೀನುಗಳಿಗಿಲ್ಲದ ಒಂದು ಅನುಕೂಲ ಇದೆ. ಸ್ನಾಯುಗಳಲ್ಲಿ ಹುಟ್ಟಿದ ಶಾಖ ಕಿವಿರಿನ ಮೂಲಕ ನೀರಿಗೆ ಹೋಗಿ ಹಾಳಾಗದಂತೆ, ಹೊರಗೆ ಹೋಗುವ ಬಿಸಿ ರಕ್ತದ ನಾಳಗಳೂ ಒಳಗೆ ಬರುವ ತಣ್ಣನೆಯ ರಕ್ತದ ನಾಳಗಳೂ ಒತ್ತೊತ್ತಾಗಿ ಹೆಣೆದುಕೊಂಡಿವೆ, ಶಾಖ ಒಂದರಿಂದ ಒಂದಕ್ಕೆ ದಾಟಿ ಮೈಯೊಳಗೇ ಉಳಿಯುತ್ತದೆ. ಸುತ್ತಲಿನ ನೀರಿಗಿಂತ ಬೆಚ್ಚಗಿರುವ ಆ ಮಾಂಸಖಂಡ ಸುಸ್ತಾಗದೆ ದುಡಿಯುತ್ತದೆ. ಗಾಳ ಚುಚ್ಚಿದ ತಕ್ಷಣ ಅದು ಓಡುವುದು ಒಂದೇ ಉಸಿರಿಗೆ ನೂರು ಮೀಟರ್ ದಾರ. ನಿಲ್ಲುತ್ತದೆ, ಇನ್ನೇನು ಬಂತು ಅನ್ನುವಷ್ಟರಲ್ಲಿ ದೋಣಿಯ ನೆರಳು ಕಂಡು ಮತ್ತೆ ನೇರ ಕೆಳಗೆ. ಕೊನೆಗೆ ದೋಣಿಯೊಳಗೆ ಬಿದ್ದ ಮೇಲೂ ಅದರ ಬಾಲ ಫೈಬರ್ ತಳದ ಮೇಲೆ ಎಷ್ಟು ಜೋರಾಗಿ, ಎಷ್ಟು ಬಿಡುವಿಲ್ಲದೆ ಬಡಿಯುತ್ತದೆ ಅಂದರೆ ಕಾಲಿನ ಕೆಳಗೆ ಇಂಜಿನ್ ಶುರುವಾಯಿತೇನೋ ಅಂತ ತಿರುಗಿ ನೋಡಬೇಕು.

ಬೇರಿಂಗ್ ಎಷ್ಟು, ಗೇರ್ ಎಷ್ಟು, ತೂಕ ಎಷ್ಟು, ಇದೆಲ್ಲ ಡಬ್ಬಿಯ ಮೇಲೆ ಅಚ್ಚಾಗಿರುತ್ತದೆ, ಇಲ್ಲಿ ಬರೆಯುವುದಿಲ್ಲ. ಎರಡಕ್ಕೂ ಒಂದೇ ದಾರ ತುಂಬಿಸಿದ್ದೆವು, 50 ಪೌಂಡಿನ ಬ್ರೇಡ್, ಅಂದರೆ ಸಣ್ಣ ಎಳೆಗಳನ್ನ ಹೆಣೆದು ಮಾಡಿದ ದಾರ. ನನ್ನದು ರೀಲು 12,500 ರೂಪಾಯಿ, ಮಾಮಾನದು 19,000. ಅದಕ್ಕೆ ತಕ್ಕ ರಾಡು ಬೇರೆ ಕೊಳ್ಳಬೇಕಾಯಿತು, ಯಾಕೆಂದರೆ ಓವರ್‌ಹೆಡ್ ರೀಲು ಕೂರುವುದು ರಾಡಿನ ಮೇಲೆ, ರಿಂಗುಗಳೂ ಮೇಲ್ಮುಖ. ಮನೆಯಲ್ಲಿದ್ದ ಸ್ಪಿನ್ನಿಂಗ್ ರಾಡಿಗೆ ಅದನ್ನ ಕಟ್ಟಿದರೆ ಕೆಲಸ ಆಗುವುದಿಲ್ಲ. ಅಂಗಡಿಯವನು ಮಾರುವಾಗ ಈ ಮಾತು ಎತ್ತಿರಲಿಲ್ಲ. ಪಾರ್ಸಲ್ ಬಂದ ಮೇಲೆ ಫೋನ್ ಮಾಡಿದರೆ, "ರಾಡ್ ಭೀ ಭೇಜ್ ದೂಂ ಕ್ಯಾ ಸರ್?" ಅಂದ.

ಈಗ ಟ್ಯೂನಾ ಹಿಡಿಯುವ ಬಗೆ. ಕೊಕ್ಕರೆಗಿಂತ ಸಣ್ಣ, ಬಿಳಿ ಕಡಲಹಕ್ಕಿಗಳು ಒಂದು ಕಡೆ ಮುಗಿಬಿದ್ದು ನೀರಿಗೆ ಎರಗುತ್ತಿದ್ದರೆ ಅಲ್ಲಿ ಕೆಳಗಿನಿಂದ ಟ್ಯೂನಾ ಸಣ್ಣ ಮೀನುಗಳನ್ನ ಮೇಲಕ್ಕೆ ಅಟ್ಟಿದೆ ಅಂತ ಅರ್ಥ. ನೀರು ಕುದಿಯುವ ಹಾಗೆ ಕಾಣುತ್ತದೆ. ದೋಣಿ ನೇರ ಒಳಗೆ ನುಗ್ಗಿದರೆ ಗುಂಪು ಮುಳುಗಿಬಿಡುತ್ತದೆ. ತಾಂಡೇಲ ಗಾಳಿಯ ಮೇಲುಗಡೆಯಿಂದ ಬಂದು, ಐವತ್ತು ಮೀಟರ್ ದೂರದಲ್ಲೇ ಇಂಜಿನ್ ತಗ್ಗಿಸುತ್ತಾನೆ. ಅಲ್ಲಿಂದ ನಲವತ್ತು ಗ್ರಾಂ ತೂಕದ ಉಕ್ಕಿನ ಜಿಗ್ಗನ್ನ, ಅಂದರೆ ಮೀನಿನ ಹಾಗೆ ಕಾಣುವ ಗಾಳದ ತುಂಡನ್ನ, ಗುಂಪಿನ ಆಚೆ ಎಸೆದು, ಕೈ ಎಷ್ಟು ಓಡುತ್ತದೋ ಅಷ್ಟು ಜೋರಾಗಿ ಎಳೆದುಕೊಳ್ಳಬೇಕು. ಸಿಗುವ ಹೊತ್ತು ಅರ್ಧ ನಿಮಿಷ. ಗುಂಪು ಮುಳುಗಿ ಇನ್ನೊಂದು ಕಡೆ ಏಳುತ್ತದೆ, ಮತ್ತೆ ಅದರ ಬೆನ್ನು ಹತ್ತಬೇಕು.

ಸ್ಪಿನ್ನಿಂಗಿನಲ್ಲಿ ದಾರ ಹಿಡಿದಿಡುವ ಬೇಲ್ ತಂತಿ ಎತ್ತಿ, ಬೆರಳಿಗೆ ದಾರ ಸಿಗಿಸಿ, ಎಸೆದರೆ ಆಯಿತು. ಓವರ್‌ಹೆಡ್ಡಿನಲ್ಲಿ ಎಸೆಯುವಾಗ ದಾರ ಸುತ್ತಿದ ಸ್ಪೂಲೇ ಗಿರಗಿರ ತಿರುಗುತ್ತದೆ. ಜಿಗ್ ನೀರಿಗೆ ಬಿದ್ದರೂ ಸ್ಪೂಲು ನಿಲ್ಲುವುದಿಲ್ಲ, ಹೆಬ್ಬೆರಳಿಂದ ಒತ್ತಿ ನಿಲ್ಲಿಸದಿದ್ದರೆ ಒಳಗೆಲ್ಲ ಗಂಟು. ಎದುರುಗಾಳಿ ಇದ್ದರೆ ಇನ್ನೂ ಕಷ್ಟ. ಪಳಗಿದವರು ಎಸೆಯುತ್ತಾರೆ, ನೋಡಿದ್ದೇನೆ. ಆದರೆ ಮಾಮಾನ ಈ ಮಾದರಿ ಎಸೆಯಲಿಕ್ಕೆ ಮಾಡಿದ್ದೇ ಅಲ್ಲ, ಭಾರವಾದ ಅಗಲ ಸ್ಪೂಲು. ಗುಂಪು ಎದ್ದಾಗ ಮಾಮಾ ಸುಮ್ಮನೆ ಕೂತು ನೋಡಬೇಕು ಅಥವಾ "ತಮ್ಮಾ, ನಿಂದ ಕೊಡ ಇಲ್ಲೆ" ಅಂತ ಕೈ ಚಾಚಬೇಕು. ಟ್ಯೂನಾದ ಮಟ್ಟಿಗೆ ಹೋಲಿಕೆ ಇಲ್ಲಿಗೇ ಮುಗಿಯಿತು ಅಂತ ನಾನು ಅಂದುಕೊಂಡೆ. ಅವರು ಒಪ್ಪಲಿಲ್ಲ. ಟ್ರೋಲಿಂಗ್ ಮಾಡೋಣ, ದೋಣಿ ಓಡುತ್ತಾ ಇರಲಿ, ಹಿಂದೆ ದಾರ ಬಿಟ್ಟು ಎಳೆಯೋಣ, ಆಗ ಎಸೆಯುವ ತಂಟೆಯೇ ಇಲ್ಲ ಅಂದರು. ಸರಿ ಅಂತ ಅದನ್ನೂ ಮಾಡಿದೆವು. ಆಗ ನಿಜವಾದ ತಕರಾರು ಶುರುವಾಯಿತು.

ಸ್ಪಿನ್ನಿಂಗ್ ರೀಲಿನ ಸ್ಪೂಲು ತಿರುಗುವುದಿಲ್ಲ. ಅದರ ಸುತ್ತ ಬೇಲ್ ತಿರುಗಿ ದಾರ ಸುತ್ತುತ್ತದೆ, ಅದೇ ಹೊತ್ತಿಗೆ ಸ್ಪೂಲು ತಾನಾಗಿ ಹಿಂದೆ ಮುಂದೆ ಸರಿಯುತ್ತಾ ಇರುತ್ತದೆ, ಹಾಗಾಗಿ ದಾರ ಮೇಲಿಂದ ಕೆಳಗೆ ಸಮನಾಗಿ ಹರಡುತ್ತದೆ. ನೀವು ಅದರ ಕಡೆ ನೋಡುವುದೂ ಬೇಡ. ಓವರ್‌ಹೆಡ್ ರೀಲಿನ ಸ್ಪೂಲು ಅಡ್ಡಡ್ಡ ಕೂತು, ತಾನೇ ತಿರುಗಿ ದಾರ ನುಂಗುತ್ತದೆ. ಸಣ್ಣ ಮಾದರಿಗಳಲ್ಲಿ ದಾರವನ್ನ ಎಡಕ್ಕೂ ಬಲಕ್ಕೂ ಓಡಾಡಿಸುವ ಲೆವೆಲ್‌ವೈಂಡ್ ಇರುತ್ತದೆ. ದೊಡ್ಡ ಮೀನಿನ ಲಿವರ್ ಡ್ರ್ಯಾಗ್ (ಡ್ರ್ಯಾಗ್ ಅಂದರೆ ದಾರ ಹೊರಗೆ ಹೋಗುವುದನ್ನ ಹಿಡಿತದಲ್ಲಿಡುವ ಬ್ರೇಕು) ಮಾದರಿಗಳಲ್ಲಿ ಅದು ಇರುವುದಿಲ್ಲ, ಜೋರು ಓಟಕ್ಕೆ ಮೊದಲು ಕೈಕೊಡುವ ಭಾಗ ಅದೇ ಅಂತ. ದಾರ ಹರಡುವ ಕೆಲಸ ಯಾರದು? ನಿಮ್ಮ ಎಡಗೈ ಹೆಬ್ಬೆರಳಿನದು. ಹಿಡಿಕೆ ಎರಡು ಸುತ್ತು ತಿರುಗಿದರೆ ಬೆರಳು ಒಂದಿಷ್ಟು ಎಡಕ್ಕೆ, ಮತ್ತೆರಡು ಸುತ್ತು, ಒಂದಿಷ್ಟು ಬಲಕ್ಕೆ. ಅಂಗಳದಲ್ಲಿ ನಿಂತು, ದಾರದ ತುದಿಗೆ ಬಕೆಟ್ ಕಟ್ಟಿ ಅಭ್ಯಾಸ ಮಾಡಿದರೆ ಎಂಥವರಿಗೂ ಬರುತ್ತದೆ.

ದೋಣಿಯ ಮೇಲೆ ಏನಾಗುತ್ತದೆ ಹೇಳುತ್ತೇನೆ ಕೇಳಿ. ಟ್ರೋಲಿಂಗಿನಲ್ಲಿ ಕವಾಕವಾ ಬಿತ್ತು, ರೀಲಿನ ಕ್ಲಿಕ್ಕರ್ ಕಿರ್‌ರ್ ಅಂತ ಕೂಗಿತು. ಆ ಸದ್ದಿಗೆ ಮಾತ್ರ ಸ್ಪಿನ್ನಿಂಗಿನಲ್ಲಿ ಸಮನಾದದ್ದು ಇಲ್ಲ, ಒಪ್ಪುತ್ತೇನೆ. ತಾಂಡೇಲ ಇಂಜಿನ್ ನಿಲ್ಲಿಸಿದ. ನಿಲ್ಲಿಸಿದ ಕ್ಷಣ ಫೈಬರ್ ದೋಣಿ ಅಲೆಗೆ ಅಡ್ಡ ತಿರುಗಿ ಎಡಕ್ಕೂ ಬಲಕ್ಕೂ ಹೊಯ್ದಾಡಲಿಕ್ಕೆ ಶುರು. ದೋಣಿಯ ಅಂಚು ಮಂಡಿಯ ಎತ್ತರಕ್ಕಿಂತ ಕೆಳಗೆ. ಬಲಗೈ ಹಿಡಿಕೆಯ ಮೇಲೆ, ಎಡಗೈ ರಾಡಿನ ಮೇಲೆ, ಎಡ ಹೆಬ್ಬೆರಳು ದಾರದ ಮೇಲೆ. ನನ್ನನ್ನ ಹಿಡಿದುಕೊಳ್ಳಲಿಕ್ಕೆ ಯಾವ ಕೈ ಉಳಿಯಿತು? ದೊಡ್ಡ ಚಾರ್ಟರ್ ದೋಣಿಗಳಲ್ಲಿ ತಳಕ್ಕೆ ಬಿಗಿದ ಕುರ್ಚಿ ಇರುತ್ತದೆ, ಸೊಂಟಕ್ಕೆ ಪಟ್ಟಾ, ರಾಡಿನ ಬುಡ ಕೂರಲಿಕ್ಕೆ ಗುಳಿ. ಈ ರೀಲು ಹುಟ್ಟಿದ್ದೇ ಅಂಥ ದೋಣಿಗೆ. ಅಲ್ಲಿ ಮೈಯ ಭಾರ ದೋಣಿ ಹೊರುತ್ತದೆ, ಮನುಷ್ಯನ ಎರಡೂ ಕೈ ಖಾಲಿ. ನಮ್ಮ ದೋಣಿಯಲ್ಲಿ ನಾನು ಮೊಣಕಾಲನ್ನ ಅಂಚಿಗೆ ಒತ್ತಿ, ಬೆನ್ನನ್ನ ಐಸ್ ಪೆಟ್ಟಿಗೆಗೆ ಆನಿಸಿ ನಿಲ್ಲಬೇಕು. ಒಂದು ಅಲೆ ಬಂದರೆ ಬೆರಳಿನ ಲಕ್ಷ್ಯ ದಾರದಿಂದ ತಪ್ಪುತ್ತದೆ.

ತಪ್ಪಿದ ಆ ಹತ್ತು ಸೆಕೆಂಡಿನಲ್ಲಿ ಮೀನು ದೋಣಿಯ ಕಡೆಗೇ ಈಜಿ ಬಂತು ಅನ್ನಿ. ದಾರ ಸಡಿಲಾಗಬಾರದು ಅಂತ ಜೋರು ತಿರುಗಿಸುತ್ತೀರಿ. ದಾರ ಒಂದೇ ಮೂಲೆಯಲ್ಲಿ, ಕಣದ ಜೋಳದ ರಾಶಿಯ ಹಾಗೆ ತುದಿ ಚೂಪಾಗಿ ಏರುತ್ತದೆ. ಏರಿ ಏರಿ ರೀಲಿನ ಮೇಲಿನ ಅಡ್ಡಸರಳಿಗೆ ತಾಗುತ್ತದೆ. ಹಿಡಿಕೆ ಬಿಗಿಯಾಗುತ್ತದೆ, ಇನ್ನೊಂದು ಸುತ್ತು ಹೋಗುವುದಿಲ್ಲ. ಹಿಂದಿನಿಂದ ಮಾಮಾ, "ಬಟ್ಟ ಹಚ್ಚೋ ತಮ್ಮಾ, ಬಟ್ಟ ಹಚ್ಚು! ಒಂದ ಕಡೆ ಕುಂಡ್ರಾಕತ್ತೈತಿ ನೋಡು!" ಅಂತ ಕೂಗುತ್ತಿರುತ್ತಾರೆ. ಬಟ್ಟು, ಅಂದರೆ ಬೆರಳು, ಹಚ್ಚಿದರೆ ಒದ್ದೆ ಬ್ರೇಡ್ ಚರ್ಮ ಕೊಯ್ಯುತ್ತದೆ. ಕೈಗವಸು ಹಾಕಿದರೆ ದಾರ ಎಲ್ಲಿದೆ ಅಂತ ಬೆರಳಿಗೆ ತಿಳಿಯುವುದಿಲ್ಲ. ಬೆರಳು ಮಾತ್ರ ಹೊರಗಿರುವ ಕೈಗವಸು, ಬರೇ ಹೆಬ್ಬೆರಳಿಗೆ ಸೈಕಲ್ ಟ್ಯೂಬಿನ ತುಂಡು, ಔಷಧಿ ಅಂಗಡಿಯ ಪ್ಲಾಸ್ಟರ್, ಎಲ್ಲಾ ಆಗಿದೆ. ಟ್ಯೂಬಿನ ತುಂಡು ಇದ್ದುದರಲ್ಲಿ ವಾಸಿ, ಅದೂ ಒದ್ದೆಯಾದರೆ ಜಾರುತ್ತದೆ.

ಇದಕ್ಕಿಂತ ಕೆಟ್ಟದ್ದು ಮುಂದಿನ ಓಟದಲ್ಲಿ ಬರುತ್ತದೆ. ಸಡಿಲವಾಗಿ ಗುಪ್ಪೆ ಬಿದ್ದ ದಾರದ ಮೇಲೆ ಮೀನು ಮತ್ತೆ ಜಗ್ಗಿದಾಗ ಮೇಲಿನ ಸುತ್ತು ಕೆಳಗಿನ ಸುತ್ತುಗಳ ನಡುವೆ ಕತ್ತಿಯ ಹಾಗೆ ಇಳಿದು ಹೂತುಕೊಳ್ಳುತ್ತದೆ. ಬ್ರೇಡ್ ತೆಳ್ಳಗೆ, ನುಣುಪು, ಹೂತರೆ ಬಿಡುವುದಿಲ್ಲ. ದಾರ ಹೊರಗೆ ಹೋಗುತ್ತಿದ್ದುದು ಗಕ್ಕನೆ ನಿಲ್ಲುತ್ತದೆ, ಡ್ರ್ಯಾಗ್ ಎಷ್ಟು ನಯವಾಗಿದ್ದರೂ ಉಪಯೋಗ ಇಲ್ಲ. ಟಪ್ಪ್. ಮಾಮಾ ಲಾಂಗ್‌ಟೇಲ್ ಒಂದನ್ನ ಹೀಗೆ ಕಳೆದುಕೊಂಡ ಮೇಲೆ ಬ್ರೇಡ್ ತೆಗೆದು ದಪ್ಪ ತಂಗೂಸಿ, ಅಂದರೆ ಒಂದೇ ಎಳೆಯ ನೈಲಾನ್ ದಾರ, ತುಂಬಿಸಿದರು. ತಂಗೂಸಿ ಹೂಳುವುದಿಲ್ಲ, ಬೆರಳನ್ನೂ ಅಷ್ಟು ಕೊಯ್ಯುವುದಿಲ್ಲ. ಆದರೆ ಅಷ್ಟೇ ಶಕ್ತಿಗೆ ಬಹಳ ದಪ್ಪ, ಸ್ಪೂಲಿನಲ್ಲಿ ಹಿಡಿಯುವುದು ಅರ್ಧಕ್ಕಿಂತ ಕಮ್ಮಿ, ಹಿಗ್ಗುತ್ತದೆ ಬೇರೆ. ಒಂದು ಗಾಯಕ್ಕೆ ಇನ್ನೊಂದು ಗಾಯ ಮಾಡಿಕೊಂಡ ಹಾಗಾಯಿತು.

ಹಿಡಿಕೆಯ ಮಾತು. ಸ್ಪಿನ್ನಿಂಗಿನಲ್ಲಿ ಹಿಡಿಕೆ ಬಿಚ್ಚಿ ಯಾವ ಕಡೆಗಾದರೂ ಹಾಕಿಕೊಳ್ಳಬಹುದು. ಹಿಡಕಲ್ ಡ್ಯಾಮಿನ ಹಿನ್ನೀರಿನಲ್ಲಿ ಕಲಿತವನು ನಾನು, ಮೊದಲಿನಿಂದಲೂ ಬಲಗೈಯಲ್ಲಿ ರಾಡು, ಎಡಗೈಯಲ್ಲಿ ಹಿಡಿಕೆ. ಓವರ್‌ಹೆಡ್ಡಿಗೆ ಎಡಗೈಯವರ ಮಾದರಿಗಳೂ ಇವೆ, ನಮ್ಮ ಕಡೆ ಅಂಗಡಿಯಲ್ಲಿ ಸಿಗುವುದು ಬಲಗೈಯದೇ. ಮಾಮಾ ಉದ್ಯಮಬಾಗದಲ್ಲಿ ಮಷಿನ್ ಶಾಪಿನಲ್ಲಿ ಇರುವವರು, ಲೇತಿನ ಮೇಲೆ ಏನು ಬೇಕಾದರೂ ಮಾಡುತ್ತಾರೆ ಅನ್ನುವ ಧೈರ್ಯಕ್ಕೆ, "ಮಾಮಾ, ಹಿಡಿಕಿ ಎಡಕ್ಕ ಮಾಡಿ ಕೊಡ್ರೆಲಾ" ಅಂದೆ. ಬಿಚ್ಚಿ ನೋಡಿದರು. ಗೇರು, ಶಾಫ್ಟು, ಹಿಂತಿರುಗದ ಕೊಂಡಿ, ಎಲ್ಲಾ ಬಲಗಡೆ ತಟ್ಟೆಯೊಳಗೇ. "ಇದನ್ನ ಎಡಕ್ಕ ಮಾಡೂದಕಿಂತ ನಿನ್ನ ಬಲಗೈಗೆ ಕಲಸೂದು ಸೋವಿ" ಅಂದರು. ಬಲಗೈಯಲ್ಲಿ ತಿರುಗಿಸುವವರಿಗೆ ಈ ಪ್ಯಾರಾ ಲೆಕ್ಕಕ್ಕಿಲ್ಲ.

ರಾಡು ಕೈಯಲ್ಲಿ ಹೊರಳುವುದು ಇನ್ನೊಂದು. ಮೇಲೆ ಕೂತ ರೀಲು, ಮೇಲೆ ಹೋಗುವ ದಾರ, ಭಾರ ಬಿದ್ದಾಗ ಇಡೀ ರಾಡು ಮಗುಚಿ ಕೆಳಗಾಗಲಿಕ್ಕೆ ನೋಡುತ್ತದೆ. ಸ್ಪಿನ್ನಿಂಗಿನಲ್ಲಿ ರೀಲು ಕೆಳಗೇ ತೂಗುತ್ತದೆ, ಮಗುಚುವ ಪ್ರಶ್ನೆ ಬರುವುದಿಲ್ಲ.

ಇಷ್ಟು ಬೈದ ಮೇಲೆ ಶಾರ್ಕಿನ ವಿಷಯಕ್ಕೆ ಬಂದರೆ ನ್ಯಾಯ ಹೇಳಬೇಕಾಗುತ್ತದೆ. ಲಂಗರು ಹಾಕಿ, ಅರ್ಧ ಬಂಗಡೆಯನ್ನ ತುದಿ ಒಳಕ್ಕೆ ಬಾಗಿದ ಸರ್ಕಲ್ ಹುಕ್ಕಿಗೆ ಚುಚ್ಚಿ, ಬಲೂನಿಗೆ ಕಟ್ಟಿ ತೇಲಿಬಿಟ್ಟು ಕೂತಾಗ ಮಾಮಾನ ರೀಲು ರಾಜ. ಎಸೆಯುವುದಿಲ್ಲ, ಗಡಿಬಿಡಿ ಇಲ್ಲ. ರಾಡನ್ನ ಹೋಲ್ಡರಿನಲ್ಲಿ ಇಟ್ಟು, ಲಿವರನ್ನ ಪೂರ್ತಿ ಹಿಂದಕ್ಕೆ ಎಳೆದು, ಕ್ಲಿಕ್ಕರ್ ಹಾಕಿ ಚಹಾ ಕುಡಿಯಬಹುದು. ಶಾರ್ಕು ಬಾಯಲ್ಲಿ ಹಿಡಿದು ನಿಧಾನ ಹೊರಟಾಗ ಲಿವರನ್ನ ಮುಂದೆ ತಳ್ಳಿದರೆ ಸಾಕು. ಸರ್ಕಲ್ ಹುಕ್ಕಿಗೆ ಝಾಡಿಸಿ ಎಳೆಯಬಾರದು, ಬಿಗಿ ಬರುತ್ತಿದ್ದ ಹಾಗೆ ಅದು ತಾನೇ ತಿರುಗಿ ಬಾಯಿಯ ಮೂಲೆಗೆ ಕೂರುತ್ತದೆ. ಲಿವರಿನ ಇನ್ನೊಂದು ಸುಖ, ಡ್ರ್ಯಾಗ್ ಈಗ ಎಷ್ಟಿದೆ ಅನ್ನುವುದು ಕಣ್ಣಿಗೆ ಕಾಣುತ್ತದೆ, ಮುಂದೆ-ಹಿಂದೆ ಮಾಡಿದರೂ ಮೊದಲಿನ ಜಾಗಕ್ಕೆ ಬರಲಿಕ್ಕೆ ಗುರುತು ಇರುತ್ತದೆ. ಸ್ಪಿನ್ನಿಂಗಿನಲ್ಲಿ ಮುಂದಿನ ತಿರುಪು ಅರ್ಧ ಸುತ್ತು ಹೆಚ್ಚಿಗೆ ತಿರುಗಿತೋ ಕಮ್ಮಿ ತಿರುಗಿತೋ ದೇವರಿಗೇ ಗೊತ್ತು. ಕತ್ತಲಾದ ಮೇಲಂತೂ ಕೇಳಬೇಡಿ.

ಶಾರ್ಕಿಗೆ ದಾರದ ತುದಿಯಲ್ಲಿ ತಂತಿ ಬೇಕೇ ಬೇಕು. ತಂತಿಯ ಮೇಲೆ ಮತ್ತೆ ಎರಡು ಮೀಟರ್ ದಪ್ಪ ತಂಗೂಸಿ, ಯಾಕೆಂದರೆ ಹಲ್ಲಿನಷ್ಟೇ ಅಪಾಯ ಅದರ ಚರ್ಮದಿಂದ. ಬಾಲದಿಂದ ತಲೆ ಕಡೆಗೆ ಕೈ ಸವರಿದರೆ ಮರಳಿನ ಕಾಗದ. ಸಣ್ಣಸಣ್ಣ ಹಲ್ಲಿನಂಥ ಹುರುಪೆಗಳು, ಬ್ರೇಡ್ ಅದಕ್ಕೆ ಉಜ್ಜಿದರೆ ಕ್ಷಣದಲ್ಲಿ ಜುಂಗು ಜುಂಗು. ಅದೇ ತಂತಿಯನ್ನ ಟ್ಯೂನಾಕ್ಕೆ ಕಟ್ಟಿದರೆ ಅದು ಹತ್ತಿರ ಸುಳಿಯುವುದಿಲ್ಲ, ಅದರ ಕಣ್ಣು ಚುರುಕು. ತೆಳ್ಳಗಿನ ಲೀಡರ್ (ದಾರದ ತುದಿಗೆ ಸೇರಿಸುವ ತುಂಡು) ಕಟ್ಟಿದರೆ ನಡುವೆ ಸುರಮಯಿ ಬಂದು ಕಚ್ಚಿಕೊಂಡು ಹೋಗುತ್ತದೆ, ಮುನ್ನೂರು ರೂಪಾಯಿಯ ಜಿಗ್ ಸಮೇತ. ಇದಕ್ಕೆ ಯಾವ ರೀಲಿನಲ್ಲೂ ಔಷಧಿ ಇಲ್ಲ.

ನಾವು ಶಾರ್ಕನ್ನ ದೋಣಿಗೆ ಎತ್ತುವುದಿಲ್ಲ, ಪಕ್ಕಕ್ಕೆ ತಂದು ತಂತಿ ಕತ್ತರಿಸಿ ಬಿಟ್ಟುಬಿಡುತ್ತೇವೆ. ವೇಲ್ ಶಾರ್ಕ್ 2001ರಿಂದಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿದೆ, 2022ರ ತಿದ್ದುಪಡಿಯ ನಂತರ ಪಟ್ಟಿಗೆ ಇನ್ನಷ್ಟು ಜಾತಿಗಳು ಸೇರಿವೆ. ಮಬ್ಬು ಬೆಳಕಿನಲ್ಲಿ, ನೀರಿನೊಳಗೆ ಹೊರಳುತ್ತಿರುವ ಶಾರ್ಕು ಯಾವ ಜಾತಿ ಅಂತ ಹೇಳುವಷ್ಟು ಪರಿಣತಿ ನಮ್ಮಿಬ್ಬರಿಗೂ ಇಲ್ಲ. ತಾಂಡೇಲನಿಗೆ ಇದು ಹಿಡಿಸುವುದಿಲ್ಲ, ಮೋರಿ ಮಸಾಲಾ ನೀರಿಗೆ ಹೋಯಿತು ಅಂತ ಗೊಣಗುತ್ತಾನೆ. ಅವನಿಗೆ ಟ್ಯೂನಾದಲ್ಲಿ ಪಾಲು ಕೊಟ್ಟರೆ ಸುಮ್ಮನಾಗುತ್ತಾನೆ.

ಡ್ರ್ಯಾಗ್ ಕಟ್ಟುವ ಲೆಕ್ಕ ಎರಡಕ್ಕೂ ಒಂದೇ: ದಾರ ಹರಿಯುವ ಭಾರದ ಮೂರನೇ ಒಂದು. 50 ಪೌಂಡ್ ಅಂದರೆ ಸುಮಾರು 22-23 ಕೆ.ಜಿ., ಹಾಗಾಗಿ ಏಳೂವರೆ. ಮನೆಯಲ್ಲೇ ರಾಡು ಬಾಗಿಸಿ, ದಾರದ ತುದಿಗೆ ತೂಗುವ ಸ್ಪ್ರಿಂಗ್ ಕಾಟಾ ಸಿಗಿಸಿ ಅಕ್ಕನ ಕೈಗೆ ಕೊಟ್ಟು ಎಳೆಸುತ್ತೇವೆ. "ಮೀನಾ ತರೂದು ಒತ್ತಟ್ಟಿಗಿರ್ಲಿ, ಮನಿಯಾಗೂ ನನ್ನ ಕೈಲೇ ಜಗ್ಗಸ್ತೀರಿ" ಅಂತ ಅವಳದು ಯಾವತ್ತಿನ ಮಾತು.

ಸ್ಪಿನ್ನಿಂಗ್ ರೀಲಿನ ಖೋಡಿ ಏನು ಅಂತ ಕೇಳಿದರೆ, ಇದೆ. ಮೀನು ದಾರ ಎಳೆದುಕೊಂಡು ಹೋಗುತ್ತಿರುವಾಗ ಗಾಬರಿಯಲ್ಲಿ ಹಿಡಿಕೆ ತಿರುಗಿಸಿದರೆ ದಾರ ಒಳಗೆ ಬರುವುದಿಲ್ಲ, ಬೇಲ್ ತಿರುಗಿದಷ್ಟೂ ದಾರಕ್ಕೆ ಹುರಿ ಬೀಳುತ್ತದೆ. ಗೇರು ಐದಕ್ಕೊಂದು ಇದ್ದರೆ ಹಿಡಿಕೆಯ ಒಂದು ಸುತ್ತಿಗೆ ಐದು ಹುರಿ. ಸಾಯಂಕಾಲದ ಹೊತ್ತಿಗೆ ದಾರ ಸಡಿಲ ಬಿಟ್ಟ ಕಡೆಯೆಲ್ಲ ತಾನೇ ಸುತ್ತಿಕೊಳ್ಳುತ್ತದೆ. ಮದ್ದು ಸುಲಭ. ಮೀನು ಓಡುವಾಗ ಕೈ ಬಿಟ್ಟು ಸುಮ್ಮನಿರುವುದು, ವಾಪಸು ಬರುವಾಗ ಜಿಗ್ ಬಿಚ್ಚಿ ಬರೀ ದಾರವನ್ನ ಓಡುವ ದೋಣಿಯ ಹಿಂದೆ ಬಿಡುವುದು, ಹುರಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಆಮೇಲೆ ನುಣುಪು ಸ್ಪೂಲಿನ ಮೇಲೆ ಬ್ರೇಡನ್ನ ನೇರ ಕಟ್ಟಿದರೆ ಇಡೀ ಸುತ್ತೇ ಜಾರುತ್ತದೆ, ಕೆಳಗೆ ನಾಲ್ಕು ಸುತ್ತು ತಂಗೂಸಿ ಹಾಕಿರಬೇಕು.

ಉಪ್ಪಿನ ವಿಷಯದಲ್ಲಿ ಮಾಮಾ ಗೆಲ್ಲುತ್ತಾರೆ. ಅವರ ರೀಲು ನಾಲ್ಕೈದು ತಿರುಪು ಬಿಚ್ಚಿದರೆ ಪೇಪರಿನ ಮೇಲೆ ಪೂರ್ತಿ ಹರಡಿಕೊಳ್ಳುತ್ತದೆ, ಗ್ರೀಸ್ ಸವರಿ ಮತ್ತೆ ಕೂಡಿಸಲಿಕ್ಕೆ ಅರ್ಧ ತಾಸು ಸಾಕು. ನನ್ನದರಲ್ಲಿ ಸಣ್ಣ ಭಾಗಗಳ ಜಾತ್ರೆ. ಅದರಲ್ಲೂ ದಾರ ತಿರುವು ತೆಗೆದುಕೊಳ್ಳುವ ಲೈನ್ ರೋಲರ್ ಅನ್ನುವ ಕಿರುಬೆರಳ ಉಗುರಿನಷ್ಟು ಗಾಲಿ ಎಲ್ಲಕ್ಕಿಂತ ಮೊದಲು ಉಪ್ಪು ಹಿಡಿಯುತ್ತದೆ. ಅದು ನಿಂತರೆ ದಾರ ಅದರ ಮೇಲೆ ಉಜ್ಜಿ ಹೋಗುತ್ತದೆ. ಪ್ರತಿ ಸಲ ಬಂದ ಮೇಲೆ ಒಂದು ಹನಿ ಹೊಲಿಗೆ ಮಷಿನ್ನಿನ ಎಣ್ಣೆ ಬಿಡುತ್ತೇನೆ. ಎರಡಕ್ಕೂ ಅನ್ವಯಿಸುವ ಇನ್ನೊಂದು ಸಂಗತಿ ಮಾಮಾ ಹೇಳಿಕೊಟ್ಟದ್ದು. ಅಲ್ಯುಮಿನಿಯಂ ಮೈಗೆ ಸ್ಟೇನ್‌ಲೆಸ್ ಸ್ಟೀಲಿನ ತಿರುಪು ಇರುತ್ತದೆ, ಎರಡು ಬೇರೆ ಲೋಹದ ನಡುವೆ ಉಪ್ಪುನೀರು ಕೂತರೆ ಸಣ್ಣ ಬ್ಯಾಟರಿ ಆದ ಹಾಗೆ, ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಸವೆದು ತಿರುಪು ಕಚ್ಚಿಕೊಳ್ಳುತ್ತದೆ. ಹೊಸದರಲ್ಲೇ ಒಂದೊಂದು ತಿರುಪು ಬಿಚ್ಚಿ ಗ್ರೀಸ್ ಹಚ್ಚಿ ಹಾಕಿಬಿಡಬೇಕು. ತೊಳೆಯುವಾಗ ಡ್ರ್ಯಾಗ್ ಬಿಗಿ ಮಾಡಿ, ತೆಳ್ಳಗೆ ನೀರು ಚಿಮುಕಿಸುವುದು. ಗಾಡಿ ತೊಳೆಯುವ ಪೈಪು ಹಿಡಿದರೆ ಉಪ್ಪು ಒಳಗೇ ಹೋಗುತ್ತದೆ. ಒಣಗಿದ ಮೇಲೆ ಡ್ರ್ಯಾಗ್ ಸಡಿಲ.

ಮೀನನ್ನ ಬೇಗ ದೋಣಿ ಹತ್ತಿಸುವುದರಲ್ಲೂ ನನಗೆ ಸ್ಪಿನ್ನಿಂಗೇ ಮೇಲು, ಇದರ ಪರಿಣಾಮ ತಟ್ಟೆಯಲ್ಲಿ ಕಾಣುತ್ತದೆ. ಟ್ಯೂನಾ ಎಷ್ಟು ಹೊತ್ತು ಗುದ್ದಾಡಿತೋ ಅಷ್ಟು ಅದರ ಮೈ ಕಾಯುತ್ತದೆ, ಮಾಂಸ ಬೆಂದ ಹಾಗೆ ಪೇಲವ ಆಗುತ್ತದೆ. ದೋಣಿಗೆ ಬಂದ ಕೂಡಲೇ ಕಿವಿರಿನ ಹತ್ತಿರ ಕೊಯ್ದು ರಕ್ತ ಹರಿಸಿ, ಐಸಿನಲ್ಲಿ ಹೂಳಬೇಕು. ಬಿಸಿಲಿನಲ್ಲಿ ಬಿಟ್ಟರೆ ಬ್ಯಾಕ್ಟೀರಿಯಾ ಅದರ ಮಾಂಸದಲ್ಲಿ ಹಿಸ್ಟಮಿನ್ ಹುಟ್ಟಿಸುತ್ತವೆ, ಅದು ಕುದಿಸಿದರೂ ಹೋಗುವುದಿಲ್ಲ, ತಿಂದವರ ಮುಖ ಕೆಂಪಾಗಿ ತಲೆ ಸಿಡಿಯುತ್ತದೆ. ಬೆಳಗಾವಿ ಮುಟ್ಟುವವರೆಗೂ ಐಸ್ ಕರಗಬಾರದು. ನಾವು ಅಂಬೋಲಿಯಲ್ಲಿ ನಿಲ್ಲುವುದು ನೀರು ಬಸಿದು, ಹೊಸ ಐಸ್ ಹಾಕಲಿಕ್ಕೆ ಮಾತ್ರ.

ಹಾಗಾದರೆ ಯಾರಿಗೆ ಯಾವುದು? ನೀವು ತಿಂಗಳಿಗೊಮ್ಮೆ ಸಮುದ್ರಕ್ಕೆ ಹೋಗಿ, ಉಳಿದ ದಿನ ಹಿಡಕಲ್ಲೋ ನವಿಲುತೀರ್ಥವೋ ಅಂತ ಸಿಹಿನೀರಿನಲ್ಲಿ ಕೂರುವವರಾದರೆ ಸ್ಪಿನ್ನಿಂಗ್ ತಗೊಳ್ಳಿ. ದಾರ ಬದಲಿಸಿದರೆ ಅದೇ ರೀಲು ದೊಡ್ಡ ಕಾಟ್ಲಾಕ್ಕೂ ಆಗುತ್ತದೆ, ಮಾಮಾನದು ಮುಂದಿನ ದಸರಾದವರೆಗೆ ಷೋಕೇಸಿನಲ್ಲೇ. ಅಂಡಮಾನಿಗೋ ಬೇರೆಲ್ಲಿಗೋ ಕುರ್ಚಿ ಇರುವ ದೊಡ್ಡ ದೋಣಿಯಲ್ಲಿ ಹೋಗುವ ಯೋಗ ಇದ್ದರೆ ಆ ದೋಣಿಯವರೇ ಓವರ್‌ಹೆಡ್ ಕೊಡುತ್ತಾರೆ, ನೀವು ಕೊಳ್ಳುವ ಅಗತ್ಯ ಇಲ್ಲ. ಬರೇ ಶಾರ್ಕಿಗಾಗಿ ರಾತ್ರಿ ಲಂಗರು ಹಾಕಿ ಕೂರುವ ಹುಚ್ಚಿದ್ದವರು, ಬಲಗೈಯಲ್ಲಿ ತಿರುಗಿಸುವವರು, ಓವರ್‌ಹೆಡ್ ಕೊಂಡು ತಂಗೂಸಿ ತುಂಬಿಸಿಕೊಳ್ಳಿ, ಬೈಯುವುದಿಲ್ಲ.

ಉಳಿದ ದುಡ್ಡಿನ ಲೆಕ್ಕ: ಎರಡು ಸೆಟ್ಟಿನ ನಡುವೆ, ರಾಡು ಸೇರಿ, ಸುಮಾರು 12,000 ರೂಪಾಯಿ ಅಂತರ ಬಂತು. ಅಷ್ಟರಲ್ಲಿ ಒಳ್ಳೆ ಬ್ರೇಡ್, ಹತ್ತಾರು ಜಿಗ್ಗು, ಮೇಲೆ ನಮ್ಮಿಬ್ಬರ ಪಾಲಿನ ದೋಣಿ ಬಾಡಿಗೆ ಒಂದೆರಡು ಸಲ ಹೊರಡುತ್ತದೆ. ಅಂಗಡಿಗೆ ಹೋದಾಗ ಹಿಡಿಕೆ ತಿರುಗಿಸಿ ನಯ ನೋಡುತ್ತಾ ನಿಲ್ಲಬೇಡಿ, ಹೊಸದಿದ್ದಾಗ ಎಲ್ಲವೂ ನಯವೇ. ಲೈನ್ ರೋಲರ್ ಬಿಚ್ಚಲಿಕ್ಕೆ ಬರುತ್ತದಾ, ಅದರ ಬೇರಿಂಗ್ ಬಿಡಿಯಾಗಿ ಸಿಗುತ್ತದಾ, ಈ ಎರಡು ಕೇಳಿ. ಸಿಗುವುದಿಲ್ಲ ಅಂದರೆ ಬೇರೆ ಮಾದರಿ ತೋರಿಸಲಿಕ್ಕೆ ಹೇಳಿ.